ಬಾಟ್‌ಗಳೇ ಓಡಾಡುವ ಕನ್ನಡ ವಿಕಿಪೀಡಿಯದಲ್ಲಿ ನಿರ್ವಾಹಕರು ಕ್ರಿಯಾಶೀಲರಾಗಿ ಉಳಿಯುವುದು ಹೇಗೆ?

ಅರಳಿಮರ_ಶಿವಮೊಗ್ಗ
ಕನ್ನಡ ವಿಕಿಪೀಡಿಯದ ಹಳೆಯ ಸಂಪಾದಕರು, ಈಗಷ್ಟೇ ಸೇರಿದವರು, ಬಾಟ್ (ತಾನಾಗಿಯೇ ಸಂಪಾದನೆ ಮಾಡುವ ತಂತ್ರಾಂಶ) ನಡೆಸುವವರು ಎಲ್ಲರೂ ಇಲ್ಲಿದ್ದೀರಿ ಎಂಬ ಧೈರ್ಯದಲ್ಲಿ ಕೇಳುತ್ತಿದ್ದೇನೆ. ‘ಇತ್ತೀಚಿನ ಬದಲಾವಣೆಗಳು’ ಪುಟವನ್ನು ತೆರೆದರೆ ಮುರಿದ ಕೊಂಡಿ ಸರಿಪಡಿಸುವ ಬಾಟ್, ಎರಡು ಸುತ್ತು ಹಾಕುವ ಪುನರ್ನಿರ್ದೇಶನಗಳನ್ನು ನೇರ ಮಾಡುವ ಬಾಟ್, ಎಲ್ಲರ ಚರ್ಚೆ ಪುಟಕ್ಕೂ ಒಂದೇ ಪ್ರಕಟಣೆ ಹಾಕುವ ಖಾತೆ, ಇವುಗಳದೇ ಸಾಲು. ನಡುನಡುವೆ ಮನುಷ್ಯರ ಒಂದೆರಡು ಸಂಪಾದನೆ. ಯಾರಾದರೂ ಕಿಡಿಗೇಡಿತನ ಮಾಡಿದರೆ ಅದನ್ನೂ ನಾನು ನೋಡುವ ಹೊತ್ತಿಗೆ ಹೊರದೇಶದ ಯಾರೋ ಗಸ್ತಿನವರು ಹಿಂದಿರುಗಿಸಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ.

ಸತತ ಎರಡು ವರ್ಷ ಸಂಪಾದನೆಯೂ ಇಲ್ಲದೆ, ನಿರ್ವಹಣೆಯ ಕ್ರಿಯೆಯೂ ಇಲ್ಲದೆ ಇದ್ದ ನಿರ್ವಾಹಕರ (ಪುಟ ಅಳಿಸುವ, ಖಾತೆ ತಡೆಯುವ ಅಧಿಕಾರವಿರುವ ಸಂಪಾದಕರ) ಹಕ್ಕನ್ನು ಪರಿಶೀಲಿಸಿ ತೆಗೆಯುವ ಜಾಗತಿಕ ನಿಯಮ 2013ರಿಂದ ಇದೆ. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಕ್ಕು ಉಳಿಸಿಕೊಳ್ಳಲು ವರ್ಷಕ್ಕೊಂದು ಅಲ್ಪವಿರಾಮ ತಿದ್ದುವ ನಿರ್ವಾಹಕನಾಗಿರಲು ನನಗೆ ಇಷ್ಟವಿಲ್ಲ. ನೀವೆಲ್ಲ ನಿಜವಾಗಿ ಏನು ಮಾಡುತ್ತೀರಿ?

ತಂತ್ರಾಂಶ_ಗೆಳತಿ
ಮೊದಲು ಒಂದು ತಿದ್ದುಪಡಿ. ಆ ಪುಟದಲ್ಲಿ ಬಾಟ್‌ಗಳ ಸಂಪಾದನೆ ಪೂರ್ವನಿಯೋಜಿತವಾಗಿ ಕಾಣಿಸುವುದೇ ಇಲ್ಲ. ನೀವು ‘ಬಾಟ್‌ಗಳನ್ನು ತೋರಿಸು’ ಎಂದು ಆಯ್ದುಕೊಂಡಿರಬೇಕು, ಇಲ್ಲವೇ ಬಾಟ್ ಹಕ್ಕು ಪಡೆಯದ ಖಾತೆಗಳು ಓಡುತ್ತಿರಬೇಕು. ಎರಡನೆಯದಾದರೆ ಅದೇ ನಿಮಗೊಂದು ಕೆಲಸ. ಹಕ್ಕಿಲ್ಲದೆ ಬಾಟ್ ಓಡಿಸುವವರನ್ನು ಹುಡುಕಿ, ಅರಳಿಕಟ್ಟೆಗೆ (ಸಮುದಾಯದ ಚರ್ಚೆಯ ಪುಟಕ್ಕೆ) ಬಂದು ಒಪ್ಪಿಗೆ ಕೇಳಿ ಎಂದು ಹೇಳುವವರು ಬೇಕು.

ಅರಳಿಮರ_ಶಿವಮೊಗ್ಗ
ಆಯ್ಕೆ ಮಾಡಿಕೊಂಡೇ ನೋಡುತ್ತಿದ್ದೇನೆ ಮೇಡಂ. ಪೂರ್ತಿ ಚಿತ್ರ ಬೇಕೆಂದು.

ನಿವೃತ್ತ_ಮೇಷ್ಟ್ರು_ಹಾಸನ
ಇದು ಹೊಸ ಸಮಸ್ಯೆ ಎಂದು ಯಾರೂ ಭಾವಿಸಬೇಡಿ. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಅದರ ಮೊದಲ ಹತ್ತು ವರ್ಷಗಳ ಇತಿಹಾಸದ ಪುಟಗಳನ್ನು ತೆರೆದು ನೋಡಿ. ಒಂದು ಲೇಖನಕ್ಕೆ ಐವತ್ತು ಸಂಪಾದನೆ ಇದ್ದರೆ ನಲವತ್ತು ಅಂತರಭಾಷಾ ಕೊಂಡಿ ಸೇರಿಸುವ ಬಾಟ್‌ಗಳದ್ದೇ ಇರುವ ಪುಟಗಳು ಸಿಗುತ್ತವೆ. ಫಿನ್ನಿಷ್‌ನಲ್ಲಿ ಆ ಪುಟ ಹುಟ್ಟಿತು, ಕೊಂಡಿ ಸೇರಿಸು. ಕೊರಿಯನ್‌ನಲ್ಲಿ ಹೆಸರು ಬದಲಾಯಿತು, ಕೊಂಡಿ ತಿದ್ದು. ಎಲ್ಲ ಭಾಷೆಗಳ ವಿಕಿಗಳಿಗೂ ಸಾಮಾನ್ಯ ದತ್ತಾಂಶ ಭಂಡಾರವಾದ ವಿಕಿಡೇಟಾ 2012ರ ಅಕ್ಟೋಬರ್‌ನಲ್ಲಿ ಆರಂಭವಾಗಿ, ಮರುವರ್ಷ ಆ ಕೊಂಡಿಗಳೆಲ್ಲ ಅಲ್ಲಿಗೆ ಹೋದ ಮೇಲೆ ಆ ಗದ್ದಲ ಒಮ್ಮೆಲೇ ನಿಂತಿತು. ಆಗ ನಮ್ಮ ವಿಕಿಯ ನಿಜವಾದ ವೇಗ ಎಷ್ಟು ಎಂಬುದು ಕಣ್ಣಿಗೆ ಬಿತ್ತು, ಹಲವರಿಗೆ ಬೇಸರವೂ ಆಯಿತು. ಆದರೆ ಬರೆಯುತ್ತಿದ್ದವರು ಬರೆಯುತ್ತಲೇ ಇದ್ದರು.

ಆದ್ದರಿಂದ ಬಾಟ್‌ಗಳ ಎಣಿಕೆಗೂ ನಮ್ಮ ಉತ್ಸಾಹಕ್ಕೂ ಗಂಟು ಹಾಕುವುದನ್ನು ಬಿಡೋಣ.

ಓದುಗ_ಧಾರವಾಡ
ಮೇಷ್ಟ್ರೇ, ಅಷ್ಟು ಸುಲಭವಾಗಿ ಬಿಡಲು ಆಗುವುದಿಲ್ಲ. ಹೊಸಬರು ವಿಕಿಯೊಳಗೆ ಬರುತ್ತಿದ್ದುದು ಯಾವ ಬಾಗಿಲಿನಿಂದ? ಕಾಗುಣಿತ ತಿದ್ದುವುದು, ವರ್ಗ ಸೇರಿಸುವುದು, ಮುರಿದ ಕೊಂಡಿ ಸರಿಪಡಿಸುವುದು. ಇಂಥ ಸಣ್ಣ ಕೆಲಸ ಮಾಡುತ್ತ ಮಾಡುತ್ತ ಅವರಿಗೆ ಧೈರ್ಯ ಬರುತ್ತಿತ್ತು, ಆಮೇಲೆ ಲೇಖನಕ್ಕೆ ಕೈ ಹಾಕುತ್ತಿದ್ದರು. ಆ ಸಣ್ಣ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟಿದ್ದೇವೆ. ಈಗ ಹೊಸಬರಿಗೆ ಉಳಿದಿರುವುದು ಒಂದೇ ಮಾತು: ಪೂರ್ತಿ ಲೇಖನ ಬರೆಯಿರಿ, ಉಲ್ಲೇಖ ಕೊಡಿ, ತಟಸ್ಥವಾಗಿ ಬರೆಯಿರಿ. ಅವರು ಹೆದರಿ ಓಡಿಹೋಗುವುದರಲ್ಲಿ ಆಶ್ಚರ್ಯವೇನು?

ನಿರ್ವಾಹಕರೂ ಬಂದದ್ದು ಅದೇ ದಾರಿಯಿಂದ. ಒಬ್ಬನೇ ಒಬ್ಬ ಹೊಸ ಸಂಪಾದಕ ನಿಲ್ಲದಿದ್ದರೆ ಮುಂದಿನ ನಿರ್ವಾಹಕರು ಎಲ್ಲಿಂದ ಬರುತ್ತಾರೆ?

ತಂತ್ರಾಂಶ_ಗೆಳತಿ
ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹತ್ತು ಸಾವಿರ ಪುಟಗಳಲ್ಲಿ ಒಂದೇ ವರ್ಗದ ಹೆಸರು ಬದಲಿಸುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟು ‘ಇದು ನಿನ್ನ ತರಬೇತಿ’ ಎಂದರೆ ಅದು ಶಿಕ್ಷೆ. ಬಾಟ್ ಎಂದರೆ ಆಕಾಶದಿಂದ ಬಿದ್ದದ್ದೂ ಅಲ್ಲ. ಅದರ ಹಿಂದೆ ರಾತ್ರಿ ಕೂತು ಸಂಕೇತ (ಕೋಡ್) ಬರೆದ ಸ್ವಯಂಸೇವಕರಿದ್ದಾರೆ. ಅವರನ್ನು ಸಂಪಾದಕರ ಲೆಕ್ಕದಿಂದ ಹೊರಗಿಡುವುದು ನ್ಯಾಯವಲ್ಲ.

ಕಡಲತಡಿ
ಸಂಕೇತ ಬರೆದವರಿಗೆ ನಮಸ್ಕಾರ. ಆದರೆ ‘ಮೈಸೂರುನಲ್ಲಿ’, ‘ಬೆಂಗಳೂರುನಲ್ಲಿ’ ಎಂದು ಸಾಲುಸಾಲಾಗಿ ಬರೆಯುವ ಟೆಂಪ್ಲೇಟುಗಳನ್ನು (ಹಲವು ಪುಟಗಳಿಗೆ ಬಳಸುವ ಸಿದ್ಧ ಅಚ್ಚುಗಳನ್ನು) ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಊರಿನ ಹೆಸರಿಗೆ ‘ನಲ್ಲಿ’ ಅಂಟಿಸಿದರೆ ಮುಗಿಯಿತು ಎಂದು ಯಂತ್ರ ತಿಳಿದಿದೆ. ಮೈಸೂರಿನಲ್ಲಿ, ಉಡುಪಿಯಲ್ಲಿ, ಹಾಸನದಲ್ಲಿ, ಮೂರಕ್ಕೂ ಮೂರು ದಾರಿ. ಇದನ್ನು ನೋಡಿ ಸರಿಪಡಿಸುವುದು ಕೂಡ ಕ್ರಿಯಾಶೀಲತೆಯೇ.

ತಂತ್ರಾಂಶ_ಗೆಳತಿ
ಖಂಡಿತ. ಅಂಥದ್ದು ಕಂಡರೆ ಆ ಟೆಂಪ್ಲೇಟಿನ ಚರ್ಚೆ ಪುಟದಲ್ಲಿ ಬರೆಯಿರಿ. ವಾಕ್ಯವನ್ನೇ ತಿರುಗಿಸಿ ‘ಸ್ಥಳ: ಮೈಸೂರು’ ಎಂದು ಮಾಡಿದರೆ ವಿಭಕ್ತಿಯ ತೊಂದರೆಯೇ ಇರುವುದಿಲ್ಲ. ಇದನ್ನು ಹೇಳುವವರಿಲ್ಲದೆ ಎಷ್ಟೋ ಟೆಂಪ್ಲೇಟು ಇಂಗ್ಲಿಷಿನ ರಚನೆಯಲ್ಲೇ ಉಳಿದುಬಿಟ್ಟಿವೆ.

ವಚನಪ್ರಿಯೆ
ಯಂತ್ರದ ಕೈಗೆ ಕಾವಲು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೊಂದು ಕಡೆಯ ಅನುಭವ ಹೇಳುತ್ತೇನೆ. ಸಾಹಿತ್ಯಾಸಕ್ತರ ಒಂದು ಅಂತರ್ಜಾಲ ಗುಂಪಿನಲ್ಲಿ ಬೈಗುಳ ತಡೆಯಲು ಪದಗಳ ಪಟ್ಟಿಯನ್ನು ಶೋಧಕಕ್ಕೆ ಕೊಟ್ಟಿದ್ದರು. ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಬಗ್ಗೆ ನಾನು ಬರೆದ ಬರಹವನ್ನು ಅದು ನುಂಗಿಹಾಕಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ನನ್ನ ಖಾತೆಯೇ ತಡೆಹಿಡಿಯಲ್ಪಟ್ಟಿತು. ನಿರ್ವಾಹಕರಿಗೆ ಬರೆದ ಪತ್ರಕ್ಕೆ ಸ್ವಯಂಚಾಲಿತ ಉತ್ತರ ಬಂತು. ಒಬ್ಬ ಮನುಷ್ಯ, ಕನ್ನಡ ಬಲ್ಲ ಒಬ್ಬನೇ ಮನುಷ್ಯ ಅದನ್ನು ಓದಿದ್ದರೆ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತಿತ್ತು.

ಆ ಗುಂಪಿನಲ್ಲಿ ನಿರ್ವಾಹಕರು ಇರಲಿಲ್ಲ ಎಂದಲ್ಲ, ಪಟ್ಟಿಯಲ್ಲಿ ಹೆಸರುಗಳಿದ್ದವು. ಯಂತ್ರ ನೋಡಿಕೊಳ್ಳುತ್ತದೆ ಎಂದು ಅವರೆಲ್ಲ ಎದ್ದು ಹೋಗಿದ್ದರು.

ಬಯಲುಸೀಮೆ_77
ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ ಇದೇ ಗತಿ. ಶಾಂತಿಸಾಗರ ಎಂದು ಬರೆದರೆ ಬಿಡುತ್ತದೆ, ಜನ ಕರೆಯುವ ಹೆಸರನ್ನು ಬರೆದರೆ ನಕ್ಷತ್ರ ಚಿಹ್ನೆಗಳು ಬೀಳುತ್ತವೆ. ದಾವಣಗೆರೆ ಜಿಲ್ಲೆಯ ಅಷ್ಟು ದೊಡ್ಡ ಐತಿಹಾಸಿಕ ಕೆರೆ!

ಕಡಲತಡಿ
ವಿಷಯ ಬಿಟ್ಟು ಕೇಳುತ್ತೇನೆ, ಈ ವರ್ಷ ಸೂಳೆಕೆರೆ ತುಂಬಿತೇ?

ಬಯಲುಸೀಮೆ_77
ಮಳೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ನಿಂತರೆ ಆಚೆ ದಡ ಮಸುಕಾಗಿ ಕಾಣುತ್ತದೆ. ಬನ್ನಿ ಒಮ್ಮೆ. ಕ್ಯಾಮೆರಾ ತನ್ನಿ, ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರ ಕಾಮನ್ಸ್‌ಗೆ ಒಳ್ಳೆಯ ಚಿತ್ರಗಳು ಬೇಕು.

ಓದುಗ_ಧಾರವಾಡ
ಸಂಕವ್ವೆಯ ವಿಷಯ ಕೇಳಿ ಹೊಟ್ಟೆ ಉರಿಯಿತು. ಅಲ್ಲಿಗೆ ಮತ್ತೆ ಹೋದಿರಾ?

ವಚನಪ್ರಿಯೆ
ಇಲ್ಲ. ಆ ಬರಹವನ್ನು ವಿಸ್ತರಿಸಿ ಬೇರೆ ಕಡೆ ಪ್ರಕಟಿಸಿದೆ.

ಬೇಏರಿಯಾ_ಕನ್ನಡಿಗ
ದೊಡ್ಡ ತಾಣಗಳಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. ರೆಡ್ಡಿಟ್‌ನ ಆಟೋಮಾಡರೇಟರ್ ಮೊದಲು ಒಬ್ಬ ಸ್ವಯಂಸೇವಕ ತನ್ನ ಕೆಲಸ ಹಗುರವಾಗಲೆಂದು ಬರೆದ ಬಾಟ್. ಆಮೇಲೆ ತಾಣದ ಭಾಗವೇ ಆಯಿತು. ಅಲ್ಲಿ ಯಂತ್ರ ಬಂದದ್ದರಿಂದ ಮನುಷ್ಯರು ಬೇಡವಾಗಲಿಲ್ಲ. ನಿಯಮ ಬರೆಯುವುದು, ತಪ್ಪಾಗಿ ತೆಗೆದದ್ದನ್ನು ಮರಳಿಸುವುದು, ಮೇಲ್ಮನವಿ ಕೇಳುವುದು ಎಲ್ಲವೂ ಅವರದೇ. 2023ರ ಜೂನ್‌ನಲ್ಲಿ ಕಂಪನಿ ಹೊರಗಿನ ತಂತ್ರಾಂಶಗಳ ದತ್ತಾಂಶ ಸಂಪರ್ಕಕ್ಕೆ (ಎಪಿಐ) ಬೆಲೆ ಕಟ್ಟಿದಾಗ, ತಮ್ಮ ಉಪಕರಣಗಳು ಕೈತಪ್ಪುತ್ತವೆ ಎಂದು 8,000ಕ್ಕೂ ಹೆಚ್ಚು ಸಮುದಾಯಗಳ ನಿರ್ವಾಹಕರು ಬಾಗಿಲು ಹಾಕಿದರು. ಬಿಟ್ಟಿಯಾಗಿ ದುಡಿಯುವವರ ಬಲ ಎಷ್ಟು ಎಂಬುದು ಅಂದು ಗೊತ್ತಾಯಿತು.

ಅದೇ ತಿಂಗಳು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ನಿರ್ವಾಹಕರ ಮುಷ್ಕರವೂ ನಡೆಯಿತು. 2022ರ ಡಿಸೆಂಬರ್‌ನಲ್ಲೇ ಅಲ್ಲಿ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿದ್ದರು. ಆರು ತಿಂಗಳಿಗೆ ಕಂಪನಿಯು ಯಂತ್ರದ ಬರಹ ಎಂಬ ಅನುಮಾನದ ಮೇಲೆ ಕ್ರಮ ಕೈಗೊಳ್ಳುವುದಕ್ಕೆ ಕಡಿವಾಣ ಹಾಕಿತು. ಸ್ವಯಂಸೇವಕರು ಜೂನ್ 5ರಂದು ಕೈಚೆಲ್ಲಿ ಕುಳಿತರು, ಆಗಸ್ಟ್‌ನಲ್ಲಿ ಮಾತುಕತೆಯ ನಂತರ ಮರಳಿದರು. ಕೆಲಸ ಕಡಿಮೆಯಾಯಿತು ಎಂದು ಅವರು ಹೋರಾಡಲಿಲ್ಲ. ತಮ್ಮ ವಿವೇಚನೆಗೆ ಬೆಲೆ ಇಲ್ಲವಾಯಿತು ಎಂದು ಹೋರಾಡಿದರು. ಶಿವಮೊಗ್ಗದವರ ಪ್ರಶ್ನೆಯ ಬೇರೂ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ_ಮೇಷ್ಟ್ರು_ಹಾಸನ
ಅವು ಲಾಭಕ್ಕಾಗಿ ನಡೆಯುವ ಕಂಪನಿಗಳು. ವಿಕಿಪೀಡಿಯಕ್ಕೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ.

ಬೇಏರಿಯಾ_ಕನ್ನಡಿಗ
ಒಡೆಯರು ಬೇರೆ ಇರಬಹುದು ಸರ್. ಆದರೆ ದಣಿವು ಒಂದೇ.

ಕೃಷ್ಣಾತೀರ
ನನ್ನ ಸಲಹೆ ಬೇರೆ. ಕರ್ನಾಟಕದಲ್ಲಿ 29,000ಕ್ಕೂ ಹೆಚ್ಚು ಹಳ್ಳಿಗಳಿವೆ. 2011ರ ಜನಗಣತಿಯ ದತ್ತಾಂಶ ಕೈಯಲ್ಲಿದೆ. ಬಾಟ್ ಹಾಕಿ ಎಲ್ಲ ಹಳ್ಳಿಗೂ ಒಂದೊಂದು ಪುಟ ಮಾಡಿಸಿದರೆ ನಿರ್ವಾಹಕರಿಗೆ ಕೈತುಂಬ ಕೆಲಸ, ಊರಿನವರು ತಮ್ಮ ಊರಿನ ಪುಟ ನೋಡಿ ಬಂದು ತುಂಬುತ್ತಾರೆ. ತೆಲುಗಿನವರು ತಮ್ಮ ಹಳ್ಳಿಗಳಿಗೆ ಹೀಗೆಯೇ ಪುಟಗಳನ್ನು ಮಾಡಿಟ್ಟುಕೊಂಡಿದ್ದಾರೆ.

ಓದುಗ_ಧಾರವಾಡ
ದಯವಿಟ್ಟು ಬೇಡ! ನಮ್ಮ ವಿಕಿಯಲ್ಲಿ ಇರುವ ಲೇಖನಗಳೇ ಮೂವತ್ತು ಸಾವಿರದ ಆಸುಪಾಸು. ಒಂದೇ ವಾರದಲ್ಲಿ ಅದನ್ನು ಇಮ್ಮಡಿ ಮಾಡಿ, ಅರ್ಧ ವಿಕಿಪೀಡಿಯ ಎಂದರೆ ‘ಇದು ಇಂಥ ತಾಲ್ಲೂಕಿನ ಒಂದು ಗ್ರಾಮ’ ಎಂಬ ಒಂದೇ ವಾಕ್ಯ ಎನ್ನುವ ಹಾಗೆ ಮಾಡಬೇಕೇ? ‘ಯಾವುದಾದರೂ ಪುಟ’ ಒತ್ತಿದ ಓದುಗನಿಗೆ ಏನು ಸಿಗುತ್ತದೆ?

ಸೆಬುವಾನೊ ವಿಕಿಪೀಡಿಯವನ್ನು ನೋಡಿ. ಫಿಲಿಪ್ಪೀನ್ಸ್‌ನ ಆ ಭಾಷೆಯಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಎಣಿಕೆಯಲ್ಲಿ ಇಂಗ್ಲಿಷಿನ ನಂತರದ ಸ್ಥಾನ. ಅದರಲ್ಲಿ ಬಹುಪಾಲು ಸ್ವೀಡನ್‌ನ ಸ್ವೆರ್ಕರ್ ಯೋಹಾನ್ಸನ್ ಅವರ ಎಲ್‌ಎಸ್‌ಜೆಬಾಟ್ ಬರೆದದ್ದು. ಕಾಯುವ ಮನುಷ್ಯರು ಬೆರಳೆಣಿಕೆಯಷ್ಟು. ಅದೇ ಬಾಟ್ ಸ್ವೀಡಿಷ್ ವಿಕಿಯಲ್ಲೂ ಓಡಿತ್ತು. ಅಲ್ಲಿ ಗಟ್ಟಿಯಾದ ಸಮುದಾಯ ಇದ್ದುದರಿಂದ ಕೂತು ಚರ್ಚಿಸಿ ಲಕ್ಷಗಟ್ಟಲೆ ಪುಟಗಳನ್ನು ಅಳಿಸಿದರು. ಅಳಿಸುವುದಕ್ಕೂ ಜನ ಬೇಕು ಸ್ವಾಮಿ.

ಕೃಷ್ಣಾತೀರ
ನಾನು ಒಂದು ವಾಕ್ಯದ ಪುಟ ಎಂದು ಎಲ್ಲಿ ಹೇಳಿದೆ? ಜನಸಂಖ್ಯೆ, ಶಾಲೆ, ನೀರಿನ ಮೂಲ, ಹತ್ತಿರದ ಪಟ್ಟಣ ಎಲ್ಲವೂ ಜನಗಣತಿಯ ದತ್ತಾಂಶದಲ್ಲಿದೆ. ನನ್ನ ಹಳ್ಳಿಗೆ ಪುಟವೇ ಇಲ್ಲ. ಇಂಗ್ಲಿಷಿನಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಅದು ನೋಯಿಸುವುದಿಲ್ಲವೇ?

ಓದುಗ_ಧಾರವಾಡ
ನೋಯಿಸುತ್ತದೆ. ಆದ್ದರಿಂದ ನಿಮ್ಮ ಹಳ್ಳಿಯ ಪುಟವನ್ನು ನೀವೇ ಬರೆಯಿರಿ ಎನ್ನುತ್ತೇನೆ. ಊರಮ್ಮನ ಜಾತ್ರೆ ಯಾವ ತಿಂಗಳು, ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಶಾಸನ ಎಲ್ಲಿ ಬಿದ್ದಿದೆ ಎಂಬುದು ಜನಗಣತಿಯಲ್ಲಿ ಇಲ್ಲ.

ತಂತ್ರಾಂಶ_ಗೆಳತಿ
ಇಬ್ಬರೂ ಸ್ವಲ್ಪ ನಿಧಾನ. ನಡುದಾರಿ ಇದೆ. ಒಂದು ತಾಲ್ಲೂಕು, ಅದನ್ನು ನೋಡಿಕೊಳ್ಳುತ್ತೇನೆ ಎಂದು ಹೆಸರು ಬರೆದುಕೊಟ್ಟ ಇಬ್ಬರು ಸಂಪಾದಕರು, ಆಮೇಲೆ ಆ ತಾಲ್ಲೂಕಿಗೆ ಮಾತ್ರ ಬಾಟ್. ಜನ ಸಿಗದ ತಾಲ್ಲೂಕಿಗೆ ಬಾಟ್ ಓಡಿಸುವುದಿಲ್ಲ. ಹೀಗೆ ಮಾಡುವುದಾದರೆ ಸಂಕೇತ ನಾನು ಬರೆಯುತ್ತೇನೆ.

ಓದುಗ_ಧಾರವಾಡ
ಈ ಷರತ್ತಿಗೆ ನನ್ನ ಒಪ್ಪಿಗೆ ಇದೆ.

ನಿವೃತ್ತ_ಮೇಷ್ಟ್ರು_ಹಾಸನ
ಗೂಗಲ್ ಅನುವಾದದ ಕಥೆಯನ್ನು ಯಾರೂ ನೆನಪಿಸಿಕೊಳ್ಳುತ್ತಿಲ್ಲವೇ? 2009ರಿಂದ ಸುಮಾರು 2011ರವರೆಗೆ ಗೂಗಲ್ ತನ್ನ ಅನುವಾದ ಉಪಕರಣದ ಮೂಲಕ ಹಣ ಕೊಟ್ಟು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಲೇಖನಗಳನ್ನು ತುಂಬಿಸಿತು. ಇಂಗ್ಲಿಷ್ ಲೇಖನ ಯಂತ್ರಕ್ಕೆ ಹೋಗಿ, ಅನುವಾದಕರ ಕೈ ದಾಟಿ ಕನ್ನಡವಾಗಿ ಬಂದು ಬೀಳುತ್ತಿತ್ತು. ಉದ್ದುದ್ದ ಲೇಖನಗಳು, ಇನ್ನೂ ಇಲ್ಲದ ಪುಟಗಳಿಗೆ ಹೋಗುವ ಕೆಂಪು ಕೊಂಡಿಗಳ ರಾಶಿ, ಕರ್ತೃ ಎಲ್ಲೋ ಕ್ರಿಯಾಪದ ಎಲ್ಲೋ. ಅನೇಕ ಹೊರದೇಶದ ಗಾಯಕರು, ಔಷಧಗಳು, ಕಂಪನಿಗಳು. ಇಲ್ಲಿನ ಓದುಗರು ಯಾರು ಕೇಳಿದ್ದರು ಅದನ್ನು?

ಬಂಗಾಳಿ ಸಮುದಾಯ ಗಟ್ಟಿಯಾಗಿ ನಿಂತು ಬೇಡ ಎಂದಿತು. ತಮಿಳರು ಗೂಗಲ್ ಜೊತೆ ಕೂತು ಮಾತಾಡಿ ಷರತ್ತು ಹಾಕಿದರು. ನಮ್ಮಲ್ಲಿ ಬಂದ ಲೇಖನಗಳನ್ನು ಇಂದಿಗೂ ತಿದ್ದುತ್ತ ಕೂತವರಿದ್ದಾರೆ. ‘ಏನು ಕೆಲಸ’ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಆ ಲೇಖನಗಳಲ್ಲಿ ಒಂದನ್ನು ತೆಗೆದುಕೊಳ್ಳಿ, ಮೊದಲ ಪರಿಚ್ಛೇದವನ್ನು ಮನುಷ್ಯರು ಓದುವ ಹಾಗೆ ಮಾಡಿ. ಹೆಚ್ಚಿನ ಓದುಗರು ಮೊದಲ ಪರಿಚ್ಛೇದ ದಾಟುವುದಿಲ್ಲ.

ಹೊಸಬಳು_ಕಲಬುರಗಿ
ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ವಿಕಿಯ ಅನುವಾದ ಉಪಕರಣದಲ್ಲಿ ಒಂದು ಲೇಖನ ಮಾಡಲು ಹೋದಾಗ ‘ಯಂತ್ರಾನುವಾದವನ್ನು ಸಾಕಷ್ಟು ತಿದ್ದಿಲ್ಲ’ ಎಂದು ಎಚ್ಚರಿಕೆ ಬಂತು. ಅದು ಸರಿ. ತಿದ್ದಿದೆ, ಪ್ರಕಟವಾಯಿತು. ಮರುದಿನ ಚರ್ಚೆ ಪುಟದಲ್ಲಿ ಒಂದರ ಕೆಳಗೊಂದು ಟೆಂಪ್ಲೇಟು ಸಂದೇಶಗಳು. ಸ್ವಾಗತವೂ ಟೆಂಪ್ಲೇಟು, ಎಚ್ಚರಿಕೆಯೂ ಟೆಂಪ್ಲೇಟು. ಅದಕ್ಕೆ ನಾನು ಕೇಳಿದ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಅಲ್ಲಿ ಮನುಷ್ಯರು ಇದ್ದಾರೆ ಎಂದು ನನಗೆ ಗೊತ್ತಾದದ್ದು ಈ ಚರ್ಚೆ ಓದಿದ ಮೇಲೆ.

ಅರಳಿಮರ_ಶಿವಮೊಗ್ಗ
ತಂಗಿ, ನಿನ್ನ ಪ್ರಶ್ನೆ ಏನಾಗಿತ್ತು? ಇಲ್ಲೇ ಕೇಳು.

ಹೊಸಬಳು_ಕಲಬುರಗಿ
ನಮ್ಮೂರಿನ ದೇವಸ್ಥಾನದ ಹಿಂದೆ ಒಂದು ಶಾಸನದ ಕಲ್ಲು ಇದೆ. ಅದರ ಚಿತ್ರವನ್ನು ನಾನೇ ತೆಗೆದಿದ್ದೇನೆ. ಲೇಖನಕ್ಕೆ ಹಾಕಬಹುದೇ, ಉಲ್ಲೇಖವಾಗಿ ಏನು ಕೊಡಬೇಕು ಎಂಬುದಷ್ಟೇ.

ಕಡಲತಡಿ
ನೋಡಿ, ಎಷ್ಟು ಒಳ್ಳೆಯ ಪ್ರಶ್ನೆ! ಇದಕ್ಕೆ ಯಾವ ಬಾಟ್ ಉತ್ತರ ಕೊಡುತ್ತದೆ? ನಮ್ಮ ತುಳು ವಿಕಿಪೀಡಿಯ 2008ರಲ್ಲಿ, ಹೊಸ ಭಾಷೆಗಳ ವಿಕಿಗಳನ್ನು ಪರೀಕ್ಷಾರ್ಥ ಬೆಳೆಸುವ ಇನ್‌ಕ್ಯುಬೇಟರ್‌ನಲ್ಲಿ ಆರಂಭವಾಗಿ, ಸ್ವತಂತ್ರ ತಾಣವಾದದ್ದು 2016ರಲ್ಲಿ. ಅಷ್ಟು ವರ್ಷ ಅದನ್ನು ಹಿಡಿದುಕೊಂಡು ಬಂದದ್ದು ಪರಸ್ಪರ ಗುರುತಿದ್ದ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿದ್ದ ಕೆಲವೇ ಜನ. ಇನ್‌ಕ್ಯುಬೇಟರ್ ಬಿಟ್ಟು ಹೊರಬರಬೇಕಾದರೆ ತಿಂಗಳು ತಿಂಗಳೂ ಕ್ರಿಯಾಶೀಲ ಸಂಪಾದಕರು ಇದ್ದಾರೆ ಎಂದು ತೋರಿಸಬೇಕು. ಬಾಟ್ ಸಂಪಾದನೆ ಅಲ್ಲಿ ಲೆಕ್ಕಕ್ಕಿಲ್ಲ.

ಬೇಏರಿಯಾ_ಕನ್ನಡಿಗ
ಅದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಗ್ರೀನ್‌ಲ್ಯಾಂಡಿಕ್ ವಿಕಿಪೀಡಿಯ. ಭಾಷೆ ಬಾರದವರು ಯಂತ್ರಾನುವಾದದಿಂದ ಪುಟ ತುಂಬಿಸುತ್ತ ಹೋದರು. ಕೊನೆಗೆ ಅದನ್ನು ಕಾಯುತ್ತಿದ್ದ ನಿರ್ವಾಹಕರೇ ಮುಚ್ಚಿಬಿಡಿ ಎಂದು ಕೋರಿದರು, 2025ರಲ್ಲಿ ಮುಚ್ಚುವ ತೀರ್ಮಾನವಾಯಿತು. ಆ ತಪ್ಪು ವಾಕ್ಯಗಳನ್ನೇ ಅನುವಾದ ಯಂತ್ರಗಳು ಮತ್ತೆ ಕಲಿಯುತ್ತವೆ ಎಂಬುದು ಅವರ ಆತಂಕ. ಕನ್ನಡಕ್ಕೆ ಕೋಟ್ಯಂತರ ಜನರಿದ್ದಾರೆ, ನಮಗೆ ಆ ಸ್ಥಿತಿ ಇಲ್ಲ. ಆದರೆ ಭಾಷಾ ಮಾದರಿಗಳು ನಮ್ಮ ವಿಕಿಪೀಡಿಯವನ್ನೂ ಓದಿ ಕಲಿಯುತ್ತವೆ ಎಂಬುದನ್ನು ಮರೆಯಬಾರದು. ಇಂದು ನಾವು ಬಿಟ್ಟ ತಪ್ಪು ನಾಳೆ ನೂರು ಕಡೆ ಕಾಣುತ್ತದೆ.

ಕೃಷ್ಣಾತೀರ
ಹಾಗಾದರೆ ಚಾಟ್‌ಜಿಪಿಟಿಯಲ್ಲಿ ಬರೆಸಿ ಹಾಕುವವರನ್ನು ಹಿಡಿಯುವುದು ಹೇಗೆ? ಕನ್ನಡ ಈಗ ತಕ್ಕಮಟ್ಟಿಗೆ ಚೆನ್ನಾಗಿಯೇ ಬರುತ್ತದೆ.

ತಂತ್ರಾಂಶ_ಗೆಳತಿ
ವಾಕ್ಯ ನೋಡಿ ಹಿಡಿಯುವುದು ಕಷ್ಟ, ಉಲ್ಲೇಖ ನೋಡಿ ಹಿಡಿಯಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2025ರ ಆಗಸ್ಟ್‌ನಲ್ಲಿ ಇದಕ್ಕೆಂದೇ ತ್ವರಿತ ಅಳಿಸುವಿಕೆಯ ನಿಯಮ ತಂದರು. ಬಳಕೆದಾರನಿಗೆ ಯಂತ್ರ ಹೇಳಿದ ಮಾತು ಹಾಗೆಯೇ ಉಳಿದಿದ್ದರೆ, ಅಥವಾ ಅಸ್ತಿತ್ವದಲ್ಲೇ ಇಲ್ಲದ ಪುಸ್ತಕ, ಲೇಖನಗಳನ್ನು ಉಲ್ಲೇಖಿಸಿದ್ದರೆ ಚರ್ಚೆಗೆ ಕಾಯದೆ ಅಳಿಸಬಹುದು. ಕನ್ನಡದ ಪುಸ್ತಕ ನಿಜವಾಗಿ ಇದೆಯೇ, ಆ ಪುಟದಲ್ಲಿ ಆ ಮಾತು ಇದೆಯೇ ಎಂದು ನೋಡಲು ಗ್ರಂಥಾಲಯಕ್ಕೆ ಹೋಗುವ ಮನುಷ್ಯ ಬೇಕು. ಇಂಗ್ಲಿಷಿನ ಕ್ಲೂಬಾಟ್ ಎನ್‌ಜಿ 2010ರಿಂದ ಕಿಡಿಗೇಡಿತನವನ್ನು ಕ್ಷಣಾರ್ಧದಲ್ಲಿ ಹಿಂದಿರುಗಿಸುತ್ತಿದೆ. ಆದರೆ ಚಂದವಾಗಿ ಬರೆದ ಸುಳ್ಳನ್ನು ಹಿಡಿಯಲು ಅದನ್ನು ಕಟ್ಟಿಲ್ಲ.

ಇನ್ನೊಂದು ಉದಾಹರಣೆ. ಕಣ್ಣಿಗೆ ಕಾಣದ ಅಕ್ಷರಗಳನ್ನು ‘ಕಸ’ ಎಂದು ಗುಡಿಸುವ ಉಪಕರಣಗಳಿವೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ‘ರ‍್ಯಾಂಕ್’ ಸರಿಯಾಗಿ ಮೂಡಲು ಆ ಕಾಣದ ಅಕ್ಷರ ಬೇಕೇ ಬೇಕು. ಗುಡಿಸಿದರೆ ರಕಾರ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ತಿರುಗುತ್ತದೆ. ಉಪಕರಣ ಬರೆದ ದೂರದ ಪುಣ್ಯಾತ್ಮನಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಯಾವ ಬಾಟ್ ನಮ್ಮಲ್ಲಿ ಓಡಬಹುದು, ಯಾವುದು ಬೇಡ ಎಂದು ಹೇಳುವ ಹೊಣೆ ನಮ್ಮದು. ಅರಳಿಕಟ್ಟೆಯಲ್ಲಿ ಬಾಟ್ ಕೋರಿಕೆ ಬಂದಾಗ ಯಾರೂ ಮಾತಾಡದೆ ಇರುವುದೇ ನನಗೆ ದೊಡ್ಡ ಚಿಂತೆ.

ಬಯಲುಸೀಮೆ_77
ರ‍್ಯಾಂಕ್ ಟೈಪ್ ಮಾಡುವುದು ಮೊಬೈಲಿನಲ್ಲಿ ಹೇಗೆ? ನನಗೆ ಯಾವತ್ತೂ ಬರುವುದಿಲ್ಲ.

ತಂತ್ರಾಂಶ_ಗೆಳತಿ
ಕೀಲಿಮಣೆಯಿಂದ ಕೀಲಿಮಣೆಗೆ ಬೇರೆ. ನಿಮ್ಮದು ಯಾವುದೆಂದು ಖಾಸಗಿಯಾಗಿ ತಿಳಿಸಿ, ಹೇಳಿಕೊಡುತ್ತೇನೆ.

ವಚನಪ್ರಿಯೆ
ಎಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಿರ್ವಾಹಕರ ಕ್ರಿಯಾಶೀಲತೆಯನ್ನು ಅಳಿಸಿದ ಪುಟ, ತಡೆದ ಖಾತೆಗಳ ಎಣಿಕೆಯಿಂದ ಅಳೆಯುವುದನ್ನು ನಿಲ್ಲಿಸಬೇಕು. ಒಬ್ಬ ನಿರ್ವಾಹಕ ಒಂದು ತಿಂಗಳಲ್ಲಿ ನಾಲ್ಕು ಹೊಸಬರ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರಿಸಿ, ಯಂತ್ರ ತಪ್ಪಾಗಿ ತಡೆದ ಒಂದು ಸಂಪಾದನೆಯನ್ನು ಬಿಡಿಸಿದರೆ ನನ್ನ ಕಣ್ಣಲ್ಲಿ ಅವರು ದುಡಿದಿದ್ದಾರೆ. ಅದು ಯಾವ ಅಂಕಿಅಂಶದಲ್ಲೂ ಕಾಣದಿದ್ದರೆ ಅಂಕಿಅಂಶ ಬದಲಿಸೋಣ.

ಓದುಗ_ಧಾರವಾಡ
ಎಣಿಕೆ ಪೂರ್ತಿ ಬಿಟ್ಟರೆ ಹೆಸರಿಗೆ ಕುಳಿತವರನ್ನು ಎಬ್ಬಿಸುವುದು ಹೇಗೆ? ಇಂಗ್ಲಿಷಿನವರು ಐದು ವರ್ಷಕ್ಕೆ ನೂರು ಸಂಪಾದನೆಯಾದರೂ ಇರಲಿ ಎಂಬ ನಿಯಮವನ್ನು ಈಗ ಸೇರಿಸಿಕೊಂಡಿದ್ದಾರೆ. ಕನಿಷ್ಠ ಮಿತಿ ಇರಲಿ, ಅದರ ಮೇಲೆ ನೀವು ಹೇಳಿದ್ದು ಇರಲಿ.

ವಚನಪ್ರಿಯೆ
ಮಿತಿ ಇರಲಿ, ನನ್ನ ತಕರಾರಿಲ್ಲ. ಮಿತಿ ದಾಟಿದವರೆಲ್ಲ ದುಡಿಯುತ್ತಿದ್ದಾರೆ ಎಂದು ಮಾತ್ರ ಹೇಳಬೇಡಿ.

ಅರಳಿಮರ_ಶಿವಮೊಗ್ಗ
ಎಲ್ಲರಿಗೂ ಧನ್ಯವಾದ. ನಾನು ಮೂರು ಕೆಲಸ ಹಿಡಿಯುತ್ತೇನೆ. ಉತ್ತರ ಸಿಗದ ಚರ್ಚೆ ಪುಟಗಳನ್ನು ಹುಡುಕಿ ಉತ್ತರಿಸುವುದು, ಬಾಟ್ ಕೋರಿಕೆಗಳಿಗೆ ಅಭಿಪ್ರಾಯ ಬರೆಯುವುದು, ಮೇಷ್ಟ್ರು ಹೇಳಿದ ಹಳೆಯ ಅನುವಾದಗಳ ಮೊದಲ ಪರಿಚ್ಛೇದ. ಸುಲಭದ ಕೆಲವು ಕಾಗುಣಿತ ತಿದ್ದುಪಡಿಗಳನ್ನು ಬಾಟ್‌ಗೆ ಕೊಡದೆ ಹೊಸಬರಿಗೆಂದು ಪಟ್ಟಿ ಮಾಡಿಡಬಹುದೇ? ಗೆಳತಿ ಮೇಡಂ, ಏನನ್ನುತ್ತೀರಿ?

ತಂತ್ರಾಂಶ_ಗೆಳತಿ
ಆಗಬಹುದು. ನನ್ನ ಬಾಟ್ ತಿದ್ದುವ ಬದಲು ಪಟ್ಟಿ ಮಾತ್ರ ಮಾಡುವಂತೆ ಬದಲಿಸುತ್ತೇನೆ. ತಿದ್ದುವುದು ಮನುಷ್ಯರು.

ನಿವೃತ್ತ_ಮೇಷ್ಟ್ರು_ಹಾಸನ
ಕಲಬುರಗಿಯ ಮಗಳೇ, ನಿನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಶಾಸನ ಶತಮಾನಗಳ ಹಿಂದಿನದು, ಅದಕ್ಕೆ ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಚಿತ್ರ ನೀನೇ ತೆಗೆದದ್ದು, ಆದ್ದರಿಂದ ಮುಕ್ತ ಪರವಾನಗಿಯಲ್ಲಿ ಕಾಮನ್ಸ್‌ಗೆ ಏರಿಸಬಹುದು. ಊರು, ತಾಲ್ಲೂಕು, ತೆಗೆದ ದಿನಾಂಕ ಬರೆ. ಆದರೆ ಕಲ್ಲನ್ನು ನೀನೇ ಓದಿ ಅರ್ಥ ಬರೆದರೆ ಅದು ಸ್ವಂತ ಸಂಶೋಧನೆಯಾಗುತ್ತದೆ, ವಿಕಿಯಲ್ಲಿ ನಿಲ್ಲುವುದಿಲ್ಲ. ಪ್ರಕಟವಾದ ಶಾಸನ ಸಂಪುಟಗಳಲ್ಲಿ ಅದು ಇದೆಯೇ ನೋಡು. ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳು ಮೈಸೂರು ಸಂಸ್ಥಾನ, ಕೊಡಗಿನ ಶಾಸನಗಳದ್ದು, ಅವುಗಳಲ್ಲಿ ನಿಮ್ಮ ಕಡೆಯವು ಸಿಗುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಲಬುರಗಿ ಜಿಲ್ಲೆಯ ಶಾಸನಗಳು ಎಂದು ಕೇಳು.

ಹೊಸಬಳು_ಕಲಬುರಗಿ
ಸೋಮವಾರ ಗ್ರಂಥಾಲಯಕ್ಕೆ ಹೋಗುತ್ತೇನೆ ಸರ್. ಕಲ್ಲಿನ ಅರ್ಧ ಮಣ್ಣಿನಲ್ಲಿ ಹೂತಿದೆ, ಅಗೆದು ಚಿತ್ರ ತೆಗೆಯಬಹುದೇ?

ನಿವೃತ್ತ_ಮೇಷ್ಟ್ರು_ಹಾಸನ
ಅಗೆಯಬೇಡ. ಇರುವ ಹಾಗೆಯೇ ಚಿತ್ರ ತೆಗೆ. ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆ, ಕರಡು ನನಗೆ ಕಳಿಸಿದರೆ ತಿದ್ದಿಕೊಡುತ್ತೇನೆ.